ಮಾತೀಸ್‌ನ ಕತ್ತರಿ ಮತ್ತು ನಮ್ಮ ‘ರಿಟೈರ್ ಆದ ಮೇಲೆ’

‘ರಿಟೈರ್ ಆದ ಮೇಲೆ ನೆಮ್ಮದಿಯಾಗಿ ಕೂತು ಬರೀಬೇಕು ಅಂತಿದ್ದೀನಿ ಸಾರ್.’

ಅಮೆರಿಕದಲ್ಲಿ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ, ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಿಂತಿರುವಾಗ, ಒಬ್ಬರ ಬಾಯಿಂದಲಾದರೂ ಈ ಮಾತು ಬಂದೇ ಬರುತ್ತದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮ ಪೀಳಿಗೆಯವರು ಈ ಮಾತನ್ನು ಮೂವತ್ತು ವರ್ಷ ಆಡಿದ್ದೇವೆ. ಈಗ ಬಹುಪಾಲು ಜನ ರಿಟೈರ್ ಆಗಿಯೂ ಆಗಿದೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ, ಮನೆಯ ಸಾಲ ತೀರಿದೆ, ಬೇಸ್‌ಮೆಂಟಿನಲ್ಲಿ ಒಳ್ಳೆಯ ಮೇಜು, ದೀಪ, ಕಂಪ್ಯೂಟರು, ಬರಹ ತಂತ್ರಾಂಶ ಎಲ್ಲ ಸಿದ್ಧ. ಆದರೆ ಮಾತು ಮಾತ್ರ ಸ್ವಲ್ಪ ಬದಲಾಗಿದೆ: ‘ಟೈಮ್ ಏನೋ ಇದೆ ಸಾರ್, ಆ ಹುರುಪು ಎಲ್ಲಿಂದ ತರೋದು?’

ಈ ಪ್ರಶ್ನೆಯನ್ನು ಸಾಹಿತ್ಯದ ಒಳಗಿಂದಲೇ ಚರ್ಚಿಸಬಹುದು. ನಾನು ಚಿತ್ರಕಾರರ ಬಳಿ ಹೋಗುತ್ತಿರುವುದಕ್ಕೆ ಕಾರಣವಿದೆ. ಬರಹಗಾರ ಹರಿದು ಎಸೆದ ಹಾಳೆ ಕಸದ ಬುಟ್ಟಿ ಸೇರುತ್ತದೆ. ಕಂಪ್ಯೂಟರ್ ಬಂದ ಮೇಲಂತೂ ಅಳಿಸಿದ್ದಕ್ಕೆ ಗುರುತೇ ಇಲ್ಲ. ಚಿತ್ರಕಾರನ ಸ್ಟುಡಿಯೋದಲ್ಲಿ ಹಾಗಲ್ಲ. ಗುಂಡುಸೂಜಿ ಚುಚ್ಚಿದ ತೂತು, ಕೆರೆದ ಬಣ್ಣ, ಫೋಟೋ ತೆಗೆದಿಟ್ಟ ಅರ್ಧ ಚಿತ್ರ ಎಲ್ಲ ಉಳಿದಿರುತ್ತವೆ. ಮುಪ್ಪಿನಲ್ಲಿ ಒಬ್ಬ ಕಲಾವಿದ ದಿನದಿನವೂ ಏನು ಮಾಡುತ್ತಿದ್ದ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಅಲ್ಲಿಗೇ ಹೋಗಬೇಕು.

2014ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಆನ್ರಿ ಮಾತೀಸ್‌ನ ಕಾಗದ ಕತ್ತರಿಕೆಗಳ ದೊಡ್ಡ ಪ್ರದರ್ಶನ ಶುರುವಾಯಿತು. ಅದಕ್ಕೆ ಮೊದಲು ಅದು ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿತ್ತು. ನಮ್ಮ ಬಳಗದ ಕೆಲವರು ಆಗ ನೋಡಿರಬಹುದು. ಅಲ್ಲಿ ಎಲ್ಲರ ಬಾಯಲ್ಲೂ ಇದ್ದ ಕಥೆ ಇದು: 1941ರ ಜನವರಿಯಲ್ಲಿ, 71 ವರ್ಷದ ಮಾತೀಸ್‌ಗೆ ಲಿಯೋನ್ ನಗರದಲ್ಲಿ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಬದುಕಿ ಉಳಿದದ್ದೇ ಹೆಚ್ಚು. ಅಲ್ಲಿಂದ ಮುಂದೆ ಈಸೆಲ್ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಆಗದ ಮಾತಾಯಿತು. ಹಾಸಿಗೆ, ಗಾಲಿಕುರ್ಚಿ ಇವೇ ಅವನ ಸ್ಟುಡಿಯೋ ಆದವು. ಆಗ ಅವನು ಕುಂಚ ಬಿಟ್ಟು ಕತ್ತರಿ ಹಿಡಿದ. ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಹೊಸ ಕಲೆಯೊಂದನ್ನೇ ಕಂಡುಕೊಂಡ. ರೋಗ ಬಂದದ್ದರಿಂದ ವರ ಸಿಕ್ಕಿತು ಎನ್ನುವ ಧಾಟಿಯ ಕಥೆ ಇದು. ಕೇಳಲು ಬಹಳ ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬರುತ್ತದೆ.

ಆದರೆ ಇದು ಅರ್ಧ ಮಾತ್ರ ನಿಜ. ಉಳಿದರ್ಧವೇ ನಮಗೆ ಬೇಕಾದದ್ದು.

ಶಸ್ತ್ರಚಿಕಿತ್ಸೆಗೆ ಹತ್ತು ವರ್ಷ ಹಿಂದೆ ಹೋಗೋಣ. 1930ರಲ್ಲಿ ಫಿಲಡೆಲ್ಫಿಯಾ ಪಕ್ಕದ ಮೆರಿಯನ್‌ನಲ್ಲಿದ್ದ ಸಂಗ್ರಾಹಕ ಆಲ್ಬರ್ಟ್ ಬಾರ್ನ್ಸ್ ತನ್ನ ಗ್ಯಾಲರಿಯ ಕಮಾನುಗಳಿಗೆಂದು ಒಂದು ದೊಡ್ಡ ಭಿತ್ತಿಚಿತ್ರ ಬರೆದುಕೊಡಲು ಮಾತೀಸ್‌ನನ್ನು ಕೇಳಿದ. ವಿಷಯ ನೃತ್ಯ. ನೀಸ್ ನಗರದಲ್ಲಿ ಒಂದು ಗ್ಯಾರೇಜನ್ನು ಬಾಡಿಗೆಗೆ ಹಿಡಿದು, ಉದ್ದದ ಬಿದಿರು ಕೋಲಿನ ತುದಿಗೆ ಇದ್ದಿಲು ಕಟ್ಟಿ, ಮಾತೀಸ್ ಕುಣಿಯುವ ಮೈಗಳನ್ನು ಬರೆಯತೊಡಗಿದ. ಅಷ್ಟು ದೊಡ್ಡ ಚಿತ್ರದಲ್ಲಿ ಒಂದು ಕಾಲು ನಾಲ್ಕು ಇಂಚು ಸರಿಯಬೇಕೆಂದರೆ ಮತ್ತೆ ಅಷ್ಟೂ ಬಣ್ಣ ಬಳಿಯಬೇಕು. ಆ ತೊಂದರೆ ತಪ್ಪಿಸಲು ಅವನು ಬಣ್ಣದ ಕಾಗದಗಳನ್ನು ಆಕಾರಕ್ಕೆ ಕತ್ತರಿಸಿ, ಗುಂಡುಸೂಜಿಯಿಂದ ಚುಚ್ಚಿ, ಬೇಕಾದ ಹಾಗೆ ಸರಿಸಿ ನೋಡುವ ಉಪಾಯ ಮಾಡಿಕೊಂಡ. ನಡುವೆ ಅಳತೆಯೇ ತಪ್ಪಿಹೋಗಿದೆ ಎಂದು ಗೊತ್ತಾಯಿತು! ಬಹುತೇಕ ಮುಗಿದಿದ್ದ ಚಿತ್ರವನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರುಮಾಡಿ, 1933ರ ಮೇ ತಿಂಗಳಲ್ಲಿ ಮೆರಿಯನ್‌ಗೆ ಬಂದು ಕೂರಿಸಿದ. ಆಗ ಅವನಿಗೆ 63. ಬಾರ್ನ್ಸ್ ಸಂಗ್ರಹ 2012ರಲ್ಲಿ ಫಿಲಡೆಲ್ಫಿಯಾ ನಗರದೊಳಕ್ಕೆ ಬಂದಿರುವುದರಿಂದ ನ್ಯೂಜೆರ್ಸಿಯವರಿಗೆ ಈಗ ನೋಡುವುದು ಇನ್ನೂ ಸುಲಭ.

ಎರಡು ವರ್ಷದ ಮೇಲೆ, 1935ರಲ್ಲಿ, ಮಲಗಿರುವ ಹೆಂಗಸಿನ ಒಂದು ಚಿತ್ರಕ್ಕೂ ಇದೇ ಉಪಾಯ ಬಳಸಿದ. ‘ಗುಲಾಬಿ ನಗ್ನೆ’ ಎಂದು ಕರೆಯುವ ಆ ಚಿತ್ರ ಬಾಲ್ಟಿಮೋರ್ ಮ್ಯೂಸಿಯಂನಲ್ಲಿದೆ. ಅದರ ಮಾತು ಮುಂದೆ ಮತ್ತೆ ಬರುತ್ತದೆ.

ಅಂದರೆ ಏನಾಯಿತು? 1941ರಲ್ಲಿ ಹಾಸಿಗೆ ಹಿಡಿದಾಗ ಮಾತೀಸ್ ಹೊಸ ಕಲೆಯನ್ನು ಕಂಡುಹಿಡಿಯಲಿಲ್ಲ. ಹತ್ತು ವರ್ಷ ಬೇರೆ ಕೆಲಸಕ್ಕೆ ನೆರವಾಗುತ್ತಿದ್ದ, ಗೂಡಿನಲ್ಲಿ ಬಿದ್ದಿರುವ ಸುತ್ತಿಗೆಯಂಥ ಒಂದು ಸಾಧನ ಅವನ ಕೈಗೆ ಮೊದಲೇ ರೂಢಿಯಾಗಿತ್ತು. ಮೈ ಸೋತಾಗ ಆ ಗೂಡಿನ ಸಾಧನ ಮುಂದೆ ಬಂದು ಕೂತಿತು. ದಿನವೂ ಸ್ಟುಡಿಯೋಕ್ಕೆ ಹೋಗಿ ಕೆಲಸ ಮಾಡುತ್ತಿದ್ದವನ ಗೂಡಿನಲ್ಲಿ ಇಂಥ ಹತ್ತಾರು ಸಾಧನ ಇರುತ್ತವೆ. ಯಾವುದು ಯಾವಾಗ ಬೇಕಾಗುತ್ತದೆ ಎನ್ನುವುದು ಅವನಿಗೂ ಗೊತ್ತಿರುವುದಿಲ್ಲ.

ನಮ್ಮ ಮಾಸ್ತಿಯವರನ್ನು ಇಲ್ಲಿ ನೆನೆಯಬೇಕು. ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಅವರಿಗೆ 65 ಆದಾಗ. ಜ್ಞಾನಪೀಠ ಬಂದದ್ದು ತೊಂಬತ್ತು ದಾಟಿದ ಮೇಲೆ, 1983ರ ಸಾಲಿಗೆ. ‘ನೋಡಿ, ಮಾಸ್ತಿ ಸರ್ಕಾರಿ ಕೆಲಸ ಬಿಟ್ಟ ಮೇಲೆ ದೊಡ್ಡ ಕಾದಂಬರಿ ಬರೆದರು’ ಎಂದು ಉದಾಹರಣೆ ಕೊಡುವವರಿದ್ದಾರೆ. ಕೆಲಸ ಬಿಟ್ಟ ಮೇಲೆ ಬರೆದರು, ನಿಜ. ಆದರೆ ಅವರ ಮೊದಲ ಕಥಾಸಂಗ್ರಹ ಬಂದದ್ದು 1920ರಲ್ಲಿ! ಮೈಸೂರು ಸಿವಿಲ್ ಸರ್ವೀಸಿನ ಅಧಿಕಾರಿಯಾಗಿ ಊರೂರು ತಿರುಗುತ್ತಲೇ ಕಥೆ, ಕವನ, ನಾಟಕ, ವಿಮರ್ಶೆ ಬರೆದರು. ಕಾದಂಬರಿಯಲ್ಲಿ ಕೊಡಗಿನ ಅರಮನೆಯ ಆಡಳಿತ, ದಿವಾನರು, ಕಾಗದಪತ್ರಗಳ ಒಳಸುಳಿ ಅಷ್ಟು ಸಲೀಸಾಗಿ ಹರಿಯುವುದಕ್ಕೆ, ಕಚೇರಿಯನ್ನೂ ಕಥೆಯನ್ನೂ ಒಂದೇ ಕೈಯಲ್ಲಿ ನಡೆಸಿದ ಆ ವರ್ಷಗಳೇ ಕಾರಣ ಎಂದು ನನಗೆ ಅನಿಸುತ್ತದೆ. ‘ಆಮೇಲೆ ಶುರುಮಾಡುತ್ತೇನೆ’ ಎನ್ನುವವರು ಮಾಸ್ತಿಯವರ ಹೆಸರು ಹೇಳುವಂತಿಲ್ಲ.

ಮುಪ್ಪಿನ ಕಲೆಯ ಬಗ್ಗೆ ಇಂಗ್ಲಿಷಿನಲ್ಲಿ ಓದುವವರು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ ಎಡ್ವರ್ಡ್ ಸೈದ್‌ನ ‘ಆನ್ ಲೇಟ್ ಸ್ಟೈಲ್’. ಅವನು 2003ರಲ್ಲಿ ತೀರಿಕೊಂಡ. ಪುಸ್ತಕ 2006ರಲ್ಲಿ ಹೊರಬಂತು. ಜರ್ಮನಿಯ ಚಿಂತಕ ಅಡೋರ್ನೊ 1937ರಲ್ಲಿ ಬೀಥೋವನ್‌ನ ಕೊನೆಗಾಲದ ಸಂಗೀತದ ಬಗ್ಗೆ ಬರೆದ ಪುಟ್ಟ ಪ್ರಬಂಧವೇ ಅದರ ಬೀಜ. ಸೈದ್ ಹೇಳುವುದರ ಸಾರ ಇಷ್ಟು: ಮುಪ್ಪಿನಲ್ಲಿ ಕಲಾವಿದ ಮಾಗಿ ಶಾಂತನಾಗುತ್ತಾನೆ, ಎಲ್ಲದರ ಜೊತೆ ರಾಜಿಯಾಗುತ್ತಾನೆ ಎನ್ನುವುದು ಯಾವಾಗಲೂ ನಿಜವಲ್ಲ. ಕೆಲವರು ಕೊನೆಯಲ್ಲಿ ಇನ್ನಷ್ಟು ಹಟಮಾರಿಗಳಾಗುತ್ತಾರೆ, ಒಡೆದದ್ದನ್ನು ಒಡೆದ ಹಾಗೇ ಬಿಡುತ್ತಾರೆ, ಕಾಲದ ಜೊತೆ ಹೊಂದಿಕೊಳ್ಳಲು ಒಪ್ಪುವುದಿಲ್ಲ. ಲುಕೇಮಿಯಾದಿಂದ ನರಳುತ್ತಲೇ ಈ ವಿಷಯದ ಮೇಲೆ ಕೆಲಸ ಮಾಡಿದವನ ಮಾತು ಎನ್ನುವುದರಿಂದ ಅದಕ್ಕೊಂದು ತೂಕವಿದೆ.

ನನ್ನ ತಕರಾರು ಬೇರೆ. ಈ ಪುಸ್ತಕದಲ್ಲಿ ಬೀಥೋವನ್, ಸ್ಟ್ರಾಸ್, ಜೆನೆ, ಲಾಂಪೆಡೂಸ, ಕವಾಫಿ, ಗ್ಲೆನ್ ಗೂಲ್ಡ್ ಎಲ್ಲ ಬರುತ್ತಾರೆ. ಅವರ ಮನೋಧರ್ಮ ಬರುತ್ತದೆ, ಇತಿಹಾಸ ಬರುತ್ತದೆ, ಸಾವು ಬರುತ್ತದೆ. ಬೆಳಗಿನ ಒಂಬತ್ತು ಗಂಟೆ ಬರುವುದಿಲ್ಲ. ಎದ್ದು ಎಷ್ಟು ಹೊತ್ತಿಗೆ ಕೂತರು, ಎಷ್ಟು ಹೊತ್ತು ಕೂತರು, ಏನು ನೋಯುತ್ತಿತ್ತು, ಯಾರು ಕಾಗದ ಹಿಡಿದುಕೊಟ್ಟರು ಎನ್ನುವುದು ಬರುವುದಿಲ್ಲ. ಮುಪ್ಪಿನ ಶೈಲಿ ಆಕಾಶದಿಂದ ಇಳಿದ ಹಾಗೆ ಕಾಣುತ್ತದೆ. ಮಾತೀಸ್‌ನ ದಿನ ಹಾಗಿರಲಿಲ್ಲ. ಬೆಳಗ್ಗೆ ಕೆಲಸ, ಊಟದ ನಂತರ ಒಂದು ನಿದ್ದೆ, ಮತ್ತೆ ಕೆಲಸ. ನೀಸ್‌ನಲ್ಲಿ ದಶಕಗಳ ಕಾಲ ನಡೆದ ಈ ಕ್ರಮವನ್ನು ಗಾಲಿಕುರ್ಚಿಯೂ ಬದಲಿಸಲಿಲ್ಲ.

ಕಾಗದ ಕತ್ತರಿಕೆಗಳ ಮುಂದೆ ಹತ್ತಿರ ನಿಂತು ನೋಡಿದರೆ ಗುಂಡುಸೂಜಿಯ ತೂತುಗಳು ಕಾಣುತ್ತವೆ. ಒಂದೇ ಚೂರಿನಲ್ಲಿ ಹಲವು ತೂತು. ಪ್ರತಿಯೊಂದು ತೂತೂ ಒಮ್ಮೆ ‘ಇಲ್ಲಿ ಬೇಡ, ಅಲ್ಲಿ’ ಎಂದದ್ದರ ಗುರುತು. 1952ರಲ್ಲಿ ಮಾಡಿದ ನಾಲ್ಕು ‘ನೀಲಿ ನಗ್ನೆ’ಯರಲ್ಲಿ ನಾಲ್ಕನೆಯದೆಂದು ಎಣಿಸುವುದು ನಿಜವಾಗಿ ಮೊದಲು ಶುರುಮಾಡಿದ್ದು. ಅದಕ್ಕೆ ಒಂದು ಪುಸ್ತಕದ ತುಂಬ ರೇಖಾಚಿತ್ರ, ಎರಡು ವಾರಗಳ ಕತ್ತರಿಕೆ, ಜೋಡಣೆ ಹಿಡಿಯಿತು. ಅದಾದ ಮೇಲೆ ಉಳಿದವು ಸರಾಗವಾಗಿ ಬಂದವು. ನಾವು ಮ್ಯೂಸಿಯಂನಲ್ಲಿ ನೋಡಿ ‘ಆಹಾ, ಮಗುವಿನ ಹಾಗೆ ಎಷ್ಟು ಸಲೀಸು!’ ಎನ್ನುವುದು ಆ ಸರಾಗವನ್ನು. ಎರಡು ವಾರ ಕಣ್ಣಿಗೆ ಬೀಳುವುದಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ, 82ನೇ ವಯಸ್ಸಿನಲ್ಲಿ, ಅವನಿಗೆ ಈಜುವವರನ್ನು ನೋಡಬೇಕೆನ್ನಿಸಿತು. ಕಾನ್ ಊರಿನ ಒಂದು ಈಜುಕೊಳಕ್ಕೆ ಕರೆದುಕೊಂಡು ಹೋದರು. ಬಿಸಿಲು ತಡೆಯಲಾಗಲಿಲ್ಲ, ವಾಪಸು ಬಂದ. ‘ನನ್ನ ಕೊಳ ನಾನೇ ಮಾಡಿಕೊಳ್ಳುತ್ತೇನೆ’ ಎಂದು ತೀರ್ಮಾನಿಸಿ, ಊಟದ ಕೋಣೆಯ ಗೋಡೆಯ ಸುತ್ತ ಬಿಳಿ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ನೀಲಿ ಕಾಗದದ ಈಜುಗಾರರನ್ನೂ ನೀರಿನ ಸಿಡಿತವನ್ನೂ ಕೂರಿಸಿದ. ಕೆಲವು ಕಡೆ ಮೈ ನೀಲಿ, ನೀರು ಬಿಳಿ. ಕೆಲವು ಕಡೆ ನೀರೇ ನೀಲಿ, ಮೈ ಬಿಳಿ. ಆ ಕೋಣೆಯನ್ನು ನ್ಯೂಯಾರ್ಕಿನಲ್ಲಿ ಅದೇ ಎತ್ತರಕ್ಕೆ ಮತ್ತೆ ಕಟ್ಟಿ ತೋರಿಸಿದ್ದರು. ನಡೆಯಲಾಗದ ಮುದುಕನೊಬ್ಬ ಇಷ್ಟು ಹಗುರವಾದ ಮೈಗಳನ್ನು ಹೇಗೆ ಕತ್ತರಿಸಿದ ಎಂದು ನೋಡುತ್ತ ನಿಂತೆ. ಹುರುಪಿನ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಆ ಕೋಣೆಯೇ. ಕೊಳ ಸಿಗಲಿಲ್ಲವೆಂದು ಅವನು ಮಲಗಲಿಲ್ಲ. ಮಲಗದೇ ಇರಲು ಸಾಧ್ಯವಾದದ್ದು, ಮನೆಯಲ್ಲಿ ಬಣ್ಣ ಬಳಿದ ಕಾಗದ ಸಿದ್ಧವಿದ್ದದ್ದರಿಂದ.

ಆ ಕಾಗದ ಸಿದ್ಧಮಾಡಿದವರು ಯಾರು? ಸಹಾಯಕಿಯರು. ಬಣ್ಣ ಬಳಿದವರು ಅವರು, ಏಣಿ ಹತ್ತಿ ಸೂಜಿ ಚುಚ್ಚಿದವರು ಅವರು. ಲಿಡಿಯ ಡೆಲೆಕ್ಟೊರ್ಸ್ಕಾಯ ಎಂಬ ರಷ್ಯನ್ ಹೆಂಗಸು ಮೂವತ್ತರ ದಶಕದಿಂದ ಅವನು ಸಾಯುವ ತನಕ ಸ್ಟುಡಿಯೋವನ್ನು ನಡೆಸಿದಳು. ಜಪಾನಿನ ಹೊಕುಸಾಯ್‌ಗೆ ಮಗಳು ಓಯಿ ಇದ್ದಳು, ಅವಳೂ ಒಳ್ಳೆಯ ಕಲಾವಿದೆ. ಮೋನೆಗೆ ಮಲಮಗಳೂ ಸೊಸೆಯೂ ಆಗಿದ್ದ ಬ್ಲಾಂಶ್ ಇದ್ದಳು. ಮುದುಕರ ಶಿಸ್ತು ಎಂದು ನಾವು ಹೊಗಳುವುದರ ಹಿಂದೆ ಯಾರೋ ಒಬ್ಬ ಹೆಂಗಸಿನ ಹಗಲು ರಾತ್ರಿ ಇರುತ್ತದೆ. ನಮ್ಮಲ್ಲೂ ಬೇರೆಯೇನಿಲ್ಲ ಬಿಡಿ. ‘ಯಜಮಾನರು ಬರೀತಿದಾರೆ’ ಎಂದು ಫೋನ್ ಎತ್ತಿಕೊಳ್ಳುವವರ ಹೆಸರು ಪುಸ್ತಕದ ‘ಅರಿಕೆ’ಯ ಕೊನೆಯ ಸಾಲಿನಲ್ಲಿ ಬರುತ್ತದೆ, ಅಷ್ಟೆ.

ಹಾಗಾದರೆ ಹೆಂಗಸರು ಮುಪ್ಪಿನಲ್ಲಿ ಹೇಗೆ ಕೆಲಸ ಮಾಡಿದರು? ಪ್ಯಾರಿಸ್ಸಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದು ನೆಲೆಸಿದ ಲೂಯಿಸ್ ಬುರ್ಜ್ವಾ ಮೂವರು ಗಂಡುಮಕ್ಕಳನ್ನು ಬೆಳೆಸಿದಾಕೆ. ಗಂಡ 1973ರಲ್ಲಿ ತೀರಿಕೊಂಡ ಮೇಲೆ ಚೆಲ್ಸಿಯ ಬಡಾವಣೆಯ ಇಡೀ ಮನೆಯನ್ನೇ ಕೆಲಸದ ಜಾಗ ಮಾಡಿಕೊಂಡರು. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಸಮಗ್ರ ಪ್ರದರ್ಶನ ಏರ್ಪಡಿಸಿದ್ದು 1982ರಲ್ಲಿ, ಎಪ್ಪತ್ತು ದಾಟಿದಾಗ. ಎಲ್ಲರಿಗೂ ಗೊತ್ತಿರುವ ಆ ದೈತ್ಯ ಜೇಡ ‘ಮಾಮಾನ್’ 1999ರದ್ದು, ಆಗ 87. ಆದರೆ ನನಗೆ ಮುಖ್ಯವೆನಿಸುವುದು ಜೇಡವಲ್ಲ. 1994ರ ನವೆಂಬರಿನಿಂದ 1995ರ ಜೂನ್ ತನಕ ನಿದ್ದೆ ಬಾರದ ರಾತ್ರಿಗಳಲ್ಲಿ ಆಕೆ ಹಾಸಿಗೆಯಲ್ಲೇ ಕೂತು ಬರೆದ 220 ಚಿತ್ರಗಳಿವೆ. ಕೈಗೆ ಸಿಕ್ಕ ಕಾಗದ, ಪೆನ್ನು, ಪೆನ್ಸಿಲ್ಲು. ಸುರುಳಿಗಳು, ಹೊಳೆಗಳು, ನಡುನಡುವೆ ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಬರೆದ ಮಾತುಗಳು. ಎರಡು ಭಾಷೆಗಳ ನಡುವೆ ನಿದ್ದೆಗೆಡುವುದು ಏನೆಂದು ನಮ್ಮ ಬಳಗದವರಿಗೆ ವಿವರಿಸಬೇಕಾಗಿಲ್ಲ.

ಇದಕ್ಕೆ ಒಂದೂವರೆ ಶತಮಾನ ಮೊದಲು, 1842-43ರಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನ ಹೊಕುಸಾಯ್ ದಿನವೂ ಬೆಳಗ್ಗೆ ಎದ್ದು ಒಂದು ಸಿಂಹದ ಚಿತ್ರ ಬರೆಯುತ್ತಿದ್ದ. ಕುಣಿಯುವ ಸಿಂಹ, ಮಲಗಿದ ಸಿಂಹ, ಸಿಂಹದ ಮುಖವಾಡ ತೊಟ್ಟ ಮನುಷ್ಯ. ಕೆಡುಕನ್ನು ದೂರವಿಡಲು ದಿನಕ್ಕೊಂದು ರಕ್ಷೆ ಎನ್ನುವುದು ಅವನ ಭಾವ. ಇನ್ನೂರಕ್ಕೂ ಹೆಚ್ಚು ಹಾಳೆ ಇಂದಿಗೂ ಉಳಿದಿವೆ. ಅವನ ಸ್ಥಿತಿ ಚೆನ್ನಾಗಿರಲಿಲ್ಲ. ಲಕ್ವ ಹೊಡೆದು ಚೇತರಿಸಿಕೊಂಡಿದ್ದ, ಹೆಂಡತಿ ಸತ್ತಿದ್ದಳು, ಮೊಮ್ಮಗನ ಸಾಲ ಕುತ್ತಿಗೆಗೆ ಬಂದಿತ್ತು, 1839ರ ಬೆಂಕಿಯಲ್ಲಿ ಮನೆಯಲ್ಲಿದ್ದ ಚಿತ್ರಗಳು ಸುಟ್ಟುಹೋಗಿದ್ದವು. ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು, ಆ ದೊಡ್ಡ ಅಲೆಯ ಚಿತ್ರವೂ ಸೇರಿ, ಅವನ ಎಪ್ಪತ್ತರ ಆಸುಪಾಸಿನವು ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

ಸಿಂಹದ ಹಾಳೆಗಳಲ್ಲಿ ಎಲ್ಲವೂ ಚೆನ್ನಾಗಿಲ್ಲ. ಕೆಲವಂತೂ ತೀರ ಅವಸರದವು. ಬುರ್ಜ್ವಾ ಅವರ 220ರಲ್ಲೂ ಅಷ್ಟೆ. ಇವು ಗ್ಯಾಲರಿಗೆಂದು ಮಾಡಿದವಲ್ಲ. ಬಾವಿಯ ನೀರು ದಿನವೂ ಸೇದಿದರೆ ಮಾತ್ರ ತಿಳಿಯಾಗಿ ಬರುತ್ತದಲ್ಲ, ಅಂಥ ಸೇದುವಿಕೆ. ನಮ್ಮ ಸಂಗೀತಗಾರರು ಇದನ್ನು ಯಾವಾಗಲೂ ತಿಳಿದವರು. ಮಲ್ಲಿಕಾರ್ಜುನ ಮನಸೂರರಿಗೆ ದೇಶದ ಉದ್ದಗಲಕ್ಕೂ ದೊಡ್ಡ ಹೆಸರು ಬಂದದ್ದು ಅರವತ್ತರ ನಂತರವೇ. ಅಷ್ಟರವರೆಗೂ, ಆಮೇಲೂ ಧಾರವಾಡದಲ್ಲಿ ರಿಯಾಜು ನಡೆದೇ ಇತ್ತು. ‘ರಿಟೈರ್ ಆದ ಮೇಲೆ ರಿಯಾಜು ಶುರುಮಾಡುತ್ತೇನೆ’ ಎಂದ ಗವಾಯಿಯನ್ನು ನೀವು ಕಂಡಿದ್ದೀರಾ? ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಕೆ.ಕೆ. ಹೆಬ್ಬಾರರು ತಮ್ಮ ರೇಖೆಗೆ ಲಯ ಬರಲೆಂದು, ಆಗಲೇ ಚಿತ್ರಕಾರರಾಗಿದ್ದವರು, ಕಥಕ್ ನೃತ್ಯ ಕಲಿಯಲು ಹೋದರು. ಬರವಣಿಗೆಯಲ್ಲಿ ಮಾತ್ರ ನಾವು ಸ್ಫೂರ್ತಿಗೆ ಕಾಯುತ್ತೇವೆ. ಇದು ನಮ್ಮ ಪರಂಪರೆಯ ಮಾತೂ ಅಲ್ಲ. ಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಯತ್ನದಿಂದ ಸೇವಿಸಿದವನಿಗೆ ವಾಗ್ದೇವಿ ಏನಾದರೂ ಅನುಗ್ರಹ ಮಾಡಿಯೇ ಮಾಡುತ್ತಾಳೆ ಎನ್ನುವುದು ದಂಡಿಯ ನಿಲುವು. ಆ ದಂಡಿಯ ನೆರಳಿನಲ್ಲೇ ನಮ್ಮ ‘ಕವಿರಾಜಮಾರ್ಗ’ ಹುಟ್ಟಿದ್ದು. ಮಮ್ಮಟ ಇನ್ನೂ ಬಿಗಿ. ಶಕ್ತಿ, ನಿಪುಣತೆ, ಅಭ್ಯಾಸ ಇವು ಕಾವ್ಯಕ್ಕೆ ಮೂರು ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣ ಎನ್ನುತ್ತಾನೆ.

ಇಲ್ಲಿಯವರೆಗೆ ಓದಿದವರು ‘ಸರಿ, ದಿನವೂ ಕೂತರೆ ಆಯಿತು’ ಎಂದುಕೊಂಡಿರಬಹುದು. ಅಷ್ಟು ಸುಲಭವಲ್ಲ ಎನ್ನುವುದಕ್ಕೆ ವಿಲ್ಲೆಮ್ ಡಿ ಕೂನಿಂಗ್ ಇದ್ದಾನೆ.

ಡಿ ಕೂನಿಂಗ್ ಹಾಲೆಂಡಿನಿಂದ ಹಡಗಿನಲ್ಲಿ ಕದ್ದು ಬಂದು ಅಮೆರಿಕನ್ ಆದವನು. ಐವತ್ತರ ದಶಕದ ದೊಡ್ಡ ಹೆಸರು. ‘ವುಮನ್ 1’ ಎಂಬ ಒಂದೇ ಚಿತ್ರಕ್ಕೆ 1950ರಿಂದ 1952ರ ತನಕ ಬಡಿದಾಡಿದ. ಬರೆದದ್ದನ್ನು ಕೆರೆದ, ಮತ್ತೆ ಬರೆದ, ಒಮ್ಮೆ ಕೈಬಿಟ್ಟೂ ಬಿಟ್ಟಿದ್ದ. ಕಲಾ ಇತಿಹಾಸಕಾರ ಮೇಯರ್ ಶಪಿರೊ ನೋಡಿ ಹೇಳಿದ ಮೇಲೆ ಮತ್ತೆ ಎತ್ತಿಕೊಂಡ. ಎಪ್ಪತ್ತರ ದಶಕದ ಕೊನೆಗೆ ಕುಡಿತ ಅವನನ್ನು ನುಂಗಿಹಾಕಿತ್ತು. ದೂರವಾಗಿದ್ದ ಹೆಂಡತಿ ಎಲೈನ್ ವಾಪಸು ಬಂದು ಕುಡಿತ ಬಿಡಿಸಿದಳು. ಲಾಂಗ್ ಐಲೆಂಡಿನ ಸ್ಟುಡಿಯೋದಲ್ಲಿ ಮತ್ತೆ ದಿನಚರಿ ಶುರುವಾಯಿತು. ಎಂಬತ್ತರ ದಶಕದಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರ ಬಂದವು! ಆದರೆ ಅದೇ ಹೊತ್ತಿಗೆ ಮರೆವಿನ ಕಾಯಿಲೆಯೂ ಬಂದಿತ್ತು. 1989ರಲ್ಲಿ ಅವನು ತನ್ನ ವ್ಯವಹಾರ ನೋಡಿಕೊಳ್ಳಲು ಶಕ್ತನಲ್ಲ ಎಂದು ನ್ಯಾಯಾಲಯದ ಮೂಲಕ ತೀರ್ಮಾನವಾಯಿತು. ಆಗಲೂ ಕೈ ಬರೆಯುತ್ತಲೇ ಇತ್ತು. ಸಹಾಯಕರು ಅವನ ಹಳೆಯ ರೇಖಾಚಿತ್ರಗಳನ್ನು ಕ್ಯಾನ್ವಾಸಿನ ಮೇಲೆ ಬೆಳಕಿನಲ್ಲಿ ಬಿಟ್ಟು ಆರಂಭ ಮಾಡಿಕೊಡುತ್ತಿದ್ದರು.

ಈ ಚಿತ್ರಗಳ ಪ್ರದರ್ಶನ 1997ರಲ್ಲಿ ನ್ಯೂಯಾರ್ಕಿಗೆ ಬಂದಾಗ ವಿಮರ್ಶಕರು ಎರಡು ಪಂಗಡವಾದರು. ಮನಸ್ಸು ಹೋದರೂ ಕಲೆ ಉಳಿಯಿತು ಎಂದು ಕೆಲವರು, ಇದು ಡಿ ಕೂನಿಂಗ್‌ನ ಕೆಲಸವೇ ಅಲ್ಲ ಎಂದು ಕೆಲವರು. ನನ್ನ ಅಭಿಪ್ರಾಯ ಇವೆರಡರಲ್ಲೂ ಇಲ್ಲ. ದಶಕದ ಮೊದಲರ್ಧದ ಚಿತ್ರಗಳಲ್ಲಿ ಬಿಳಿಯ ಮೇಲೆ ಕೆಂಪು ನೀಲಿ ಪಟ್ಟಿಗಳು ಬಳ್ಳಿಯಂತೆ ಬಾಗುವ ರೀತಿ ನಿಜಕ್ಕೂ ಅಪರೂಪದ್ದು. ಜೀವನವಿಡೀ ಮುಷ್ಟಿ ಬಿಗಿಹಿಡಿದವನು ಕೈ ಬಿಚ್ಚಿದ ಹಾಗಿದೆ. ಆ ಬಿಳಿಯ ಅಡಿಯಲ್ಲಿ ಕೆರೆದು ಮುಚ್ಚಿದ ಬಣ್ಣದ ನೆರಳೂ ಇದೆ. ಕೊನೆಕೊನೆಯವುಗಳಲ್ಲಿ ರೇಖೆ ಅದೇ, ಬಣ್ಣ ಅದೇ, ಆದರೆ ಕೆರೆದ ಗುರುತು ಇಲ್ಲ. ಬಂದದ್ದು ಬಂದ ಹಾಗೆ ನಿಂತಿದೆ. ಕೂರುವ ಶಿಸ್ತು ಕೊನೆಯವರೆಗೂ ಉಳಿಯಿತು; ‘ಇದು ಬೇಡ’ ಎನ್ನುವ ಶಿಸ್ತು ಮೊದಲು ಹೊರಟುಹೋಯಿತು. ಕಾಯಿಲೆಯಿಂದ ಹಾಗಾಯಿತು, ಅದಕ್ಕೆ ಅವನನ್ನು ದೂರುವಂತಿಲ್ಲ.

ನಮಗೆ ಕಾಯಿಲೆಯಿಲ್ಲ, ಆದ್ದರಿಂದ ನಮ್ಮನ್ನು ದೂರಬಹುದು. ನಮ್ಮ ಬಳಗಗಳಿಂದ, ಸಮ್ಮೇಳನದ ಸ್ಮರಣ ಸಂಚಿಕೆಗಳಿಂದ, ಸ್ವಂತ ಖರ್ಚಿನಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದ ಪುಸ್ತಕಗಳಿಂದ ನನ್ನ ಮೇಜಿಗೆ ಬರುವ ಬರಹಗಳಲ್ಲಿ ದೊಡ್ಡ ಪಾಲು ಅರವತ್ತು ದಾಟಿದವರದು. ನಮ್ಮೂರಿನ ಹೊಳೆ, ಅಜ್ಜಿಯ ಕೋಡುಬಳೆ, ಮೊದಲ ಸಲ ಹಿಮ ನೋಡಿದ್ದು, ಕಿಸೆಯಲ್ಲಿ ಎಂಟು ಡಾಲರ್. ಪ್ರತಿಯೊಂದರಲ್ಲೂ ಎಲ್ಲೋ ಒಂದು ಪುಟ ಜೀವಂತವಾಗಿರುತ್ತದೆ. ಆ ಪುಟವನ್ನು ಉಳಿಸಿ ಮಿಕ್ಕಿದ್ದನ್ನು ಎಸೆದವರು ವಿರಳ. ಬರೆಯುವವರು ದಿನವೂ ಬರೆಯುತ್ತಾರೆ, ಆ ಮಟ್ಟಿಗೆ ಶಿಸ್ತಿದೆ. ಮಾರನೆಯ ದಿನ ನಿನ್ನೆಯದನ್ನು ತಿರುಗಿ ನೋಡುವುದಿಲ್ಲ. ಕಳಿಸು ಎಂಬ ಗುಂಡಿ ಒತ್ತಿದರೆ ಮುಗಿಯಿತು, ಸಂಜೆಯೊಳಗೆ ಹತ್ತು ಜನ ‘ತುಂಬಾ ಚೆನ್ನಾಗಿದೆ’ ಎಂದು ಬರೆದಿರುತ್ತಾರೆ. ಈ ಹತ್ತು ಮೆಚ್ಚುಗೆಗಳು ನಮ್ಮ ಸಾಹಿತ್ಯಕ್ಕೆ ಮಾಡಿರುವ ಹಾನಿಯನ್ನು ಯಾರೂ ಲೆಕ್ಕ ಹಾಕಿಲ್ಲ. ಮುದುಕರನ್ನು ನೋಯಿಸಬಾರದು ಎನ್ನುವ ಸೌಜನ್ಯದಲ್ಲಿ, ಅವರನ್ನು ಬರಹಗಾರರೆಂದು ಪರಿಗಣಿಸದೇ ಇರುವ ಅಗೌರವವೂ ಸೇರಿದೆ ಎನ್ನುವುದು ನಮಗೆ ಹೊಳೆಯುವುದಿಲ್ಲ.

‘ನಾವು ಬರೆದರೆ ಓದುವವರು ಯಾರು? ಬೆಂಗಳೂರಿನವರು ತಿರುಗಿ ನೋಡುವುದಿಲ್ಲ, ನಮ್ಮ ಮಕ್ಕಳಿಗೆ ಓದಲು ಬರುವುದಿಲ್ಲ. ಯಾರಿಗಾಗಿ ತಿದ್ದಬೇಕು?’ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದುಂಟು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಇದಕ್ಕೆ ಎದುರಾಗಿ ಇಡಬಹುದಾದದ್ದು ಕಾರ್ಮೆನ್ ಹೆರೆರಾ ಅವರ ಬದುಕು. ಹವಾನಾದಲ್ಲಿ 1915ರಲ್ಲಿ ಹುಟ್ಟಿದ ಆಕೆ 1954ರಿಂದ ನ್ಯೂಯಾರ್ಕಿನಲ್ಲೇ ಉಳಿದರು. ಗಂಡ ಶಾಲೆಯ ಮೇಷ್ಟ್ರು. ಅಳತೆಪಟ್ಟಿ ಹಿಡಿದು ಎಳೆದಂಥ ಗೆರೆ, ಎರಡೇ ಎರಡು ಬಣ್ಣ, ಹಸಿರಿನ ತ್ರಿಕೋನ ಬಿಳಿಯನ್ನು ಸೀಳಿಕೊಂಡು ಹೋಗುವಂಥ ಚಿತ್ರಗಳು. ಹೆಂಗಸು, ಮೇಲಾಗಿ ಕ್ಯೂಬಾದವಳು ಎಂದು ಗ್ಯಾಲರಿಗಳು ದೂರವಿಟ್ಟವು. ಮೊದಲ ಚಿತ್ರ ಮಾರಾಟವಾದದ್ದು 2004ರಲ್ಲಿ, 89ನೇ ವಯಸ್ಸಿನಲ್ಲಿ. 2016ರಲ್ಲಿ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವಾದಾಗ ನೂರೊಂದು. 2022ರಲ್ಲಿ 106ನೇ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಗಳು ‘ಕೊನೆಗೂ ಸಿಕ್ಕ ಜಯ’ ಎಂದು ಬರೆದವು. ಜಯದ ಮಾತು ನನಗೆ ಅಷ್ಟು ಮುಖ್ಯವಲ್ಲ. ಯಾರೂ ಕೇಳದಿದ್ದ ಆ ದಶಕಗಳಲ್ಲಿ ಒಂದು ಗೆರೆಯನ್ನು ಕಾಲಿಂಚು ಅತ್ತಿತ್ತ ಸರಿಸಿ, ಬೇಡದ್ದನ್ನೆಲ್ಲ ತೆಗೆದುಹಾಕಿದರಲ್ಲ, ಅದನ್ನು ಯಾರಿಗಾಗಿ ಮಾಡಿದರು? ಓದುಗ ಇಲ್ಲದಿರುವುದು ಸಡಿಲ ಬಿಡುವುದಕ್ಕೆ ಕಾರಣವಾಗಬೇಕಿಲ್ಲ ಎನ್ನುವುದಕ್ಕೆ ಆ ಚಿತ್ರಗಳಿಗಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಮೈ ಸಹಕರಿಸದಿದ್ದರೆ ಏನು ಮಾಡುವುದು ಎನ್ನುವವರಿಗೆ ಮೋನೆಯ ಉಪಾಯಗಳನ್ನು ಹೇಳಬಹುದು. 1912ರಲ್ಲಿ ಅವನಿಗೆ ಕಣ್ಣಿನ ಪೊರೆ ಎಂದು ಗೊತ್ತಾಯಿತು. ಅದಕ್ಕೆ ಹಿಂದಿನ ವರ್ಷ ಹೆಂಡತಿ, ಮುಂದೆ 1914ರಲ್ಲಿ ಹಿರಿಯ ಮಗ ತೀರಿಕೊಂಡರು. ಆ 1914ರಲ್ಲೇ, 73ರಲ್ಲಿ, ನೈದಿಲೆಯ ದೊಡ್ಡ ಚಿತ್ರಗಳಿಗೆ ಕೈಹಾಕಿದ. ಯುದ್ಧದ ನಡುವೆ ಅದಕ್ಕಾಗಿ ದೊಡ್ಡ ಸ್ಟುಡಿಯೋ ಕಟ್ಟಿಸಿದ. ಬಣ್ಣ ಕಾಣದಾದಾಗ ಟ್ಯೂಬಿನ ಮೇಲಿನ ಹೆಸರು ಓದಿ, ಪ್ಯಾಲೆಟ್ಟಿನ ಮೇಲೆ ಯಾವ ಬಣ್ಣ ಎಲ್ಲಿರಬೇಕೋ ಅಲ್ಲೇ ಇಟ್ಟು ಕೆಲಸ ಮಾಡಿದ. ಸಿಟ್ಟು ಬಂದು ಹಲವು ಚಿತ್ರಗಳನ್ನು ಹಾಳುಮಾಡಿದ. ಶಸ್ತ್ರಚಿಕಿತ್ಸೆಗೆ ಹೆದರಿ ಹತ್ತು ವರ್ಷ ಮುಂದೂಡಿ, ಕೊನೆಗೆ 1923ರಲ್ಲಿ ಒಂದು ಕಣ್ಣಿಗೆ ಮಾಡಿಸಿಕೊಂಡ. (ನನ್ನ ಎಡಗಣ್ಣಿನ ಪೊರೆ ತೆಗೆಯಲು ಇಲ್ಲಿನ ಡಾಕ್ಟರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾವು ಪುಣ್ಯವಂತರು.) ಬೆನ್ನುಬಿಡದೆ ಪೀಡಿಸಲು ಅವನಿಗೆ ಕ್ಲೆಮಾನ್ಸೊ ಎಂಬ ಗೆಳೆಯನಿದ್ದ, ಯುದ್ಧದಲ್ಲಿ ಫ್ರಾನ್ಸನ್ನು ನಡೆಸಿದ ಪ್ರಧಾನಿ. ಚಿತ್ರಗಳನ್ನು ದೇಶಕ್ಕೆ ಕೊಡುತ್ತೇನೆಂದು ಒಪ್ಪಿದ್ದರೂ ಸಾಯುವ ತನಕ ಕೈಬಿಡಲಿಲ್ಲ, ತಿದ್ದುತ್ತಲೇ ಇದ್ದ. ಪ್ಯಾರಿಸ್ಸಿನ ಒರಾಂಜರಿಯಲ್ಲಿ ಅವು ಜನರಿಗೆ ತೆರೆದದ್ದು 1927ರ ಮೇ ತಿಂಗಳಲ್ಲಿ, ಅವನು ಹೋಗಿ ಕೆಲವು ತಿಂಗಳ ನಂತರ. ಕ್ಲೆಮಾನ್ಸೊನಂಥ ಒಬ್ಬ ಪೀಡಕ ನಮ್ಮ ಪ್ರತಿ ಬಳಗಕ್ಕೂ ಬೇಕು. ಹೊಗಳುವ ಹತ್ತು ಜನರ ಬದಲು.

ಕೊನೆಯದಾಗಿ, ಬಾಲ್ಟಿಮೋರಿನ ಆ ಚಿತ್ರ. 1935ರ ಬೇಸಿಗೆಯಿಂದ ಶರತ್ಕಾಲದವರೆಗೆ ಮಾತೀಸ್ ಅದನ್ನು ತಿದ್ದುತ್ತ ಹೋದ ಹಂತಗಳನ್ನು ಫೋಟೋ ತೆಗೆಸಿ ಇಟ್ಟಿದ್ದಾನೆ, ಒಟ್ಟು 22. ಮೊದಲಿನ ಫೋಟೋದಲ್ಲಿ ಒಬ್ಬ ಹೆಂಗಸು ಸೋಫಾದ ಮೇಲೆ ಮಲಗಿದ್ದಾಳೆ, ಹಿಂದೆ ಕುರ್ಚಿ, ಹೂವು, ಕೋಣೆಯ ಆಳ ಎಲ್ಲ ಇವೆ. ಯಾವ ಒಳ್ಳೆಯ ಚಿತ್ರಕಾರನೂ ಅಲ್ಲಿಗೇ ಸಹಿ ಹಾಕಿ ನಿಲ್ಲಿಸಬಹುದಿತ್ತು. ಒಂದೊಂದೇ ಫೋಟೋ ಮುಂದಕ್ಕೆ ಹೋದ ಹಾಗೆ ಕುರ್ಚಿ ಸವೆಯುತ್ತದೆ, ಸೋಫಾ ಹೋಗಿ ನೀಲಿ ಚೌಕಳಿಯ ನೆಲ ಬರುತ್ತದೆ, ತಲೆ ಚಿಕ್ಕದಾಗುತ್ತದೆ, ತೋಳು ಉದ್ದವಾಗಿ ಚೌಕಟ್ಟಿನ ಅಂಚು ಮುಟ್ಟುತ್ತದೆ. ಕೆಲವು ಫೋಟೋಗಳಲ್ಲಿ ಕಾಗದದ ಚೂರುಗಳನ್ನು ಚುಚ್ಚಿರುವುದೂ ಕಾಣುತ್ತದೆ. ಆಗ ಅವನಿಗೆ 65, ನಮ್ಮಲ್ಲಿ ಅನೇಕರು ಕೆಲಸ ಬಿಡುವ ವಯಸ್ಸು. ಮೇರಿಲ್ಯಾಂಡ್ ಕಡೆ ಹೋದಾಗ ನೋಡಿ ಬನ್ನಿ. ಆ ಮ್ಯೂಸಿಯಂನ ಸಂಗ್ರಹ ನೋಡಲು ಟಿಕೆಟ್ ಇಲ್ಲ.